ಕಾರಿಗೆ ಹಣೆ ಎಲ್ಲಿ?

ನಮ್ಮ ಆಯಿಗೆ, ಅಂದರೆ ಅಜ್ಜಿಗೆ, ಏಸಿ ಕಾರು ಆಗಿಬರುವುದಿಲ್ಲ. ಕಾಕಾನ ಹೊಸ ಗಾಡಿಯಲ್ಲಿ ಗಾಜು ಏರಿಸಿದರೆ ಸಾಕು, ಸೊಲ್ಲಾಪುರ ದಾಟುವ ಮೊದಲೇ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾಳೆ. ಗಾಜು ಇಳಿಸಿದರೆ ಕಿವಿಗೆ ಗಾಳಿ ಹೊಕ್ಕು ತಲೆಶೂಲೆ. ಆಕೆಗೆ ಗಾಳಿ ಬೇಕು, ಆದರೆ ಮೊಣಕಾಲಿಗೆ.

"ಗಾಳಿ ಅಂದ್ರ ಗಾಳಿ, ಆಯಿ. ಕಿವಿಗೊಂದು, ಮೊಣಕಾಲಿಗೊಂದು ಬ್ಯಾರೆ ಇರತದೇನು?" ಎಂದು ಒಮ್ಮೆ ಕೇಳಿದೆ.

"ನೀರಂದ್ರ ನೀರು. ಹಂಗಂತ ಮೂಗಿಲೆ ಕುಡೀತಿಯೇನು?"

ಚರ್ಚಾಸ್ಪರ್ಧೆಯಲ್ಲಿ ಮರಾಠಿಯಲ್ಲಿ ವಾದಿಸಿ ಕಾಲೇಜಿಗೆ ಕಪ್ ಗೆದ್ದು ತಂದವಳು ನಾನು. ಮನೆಯಲ್ಲಿ ಕನ್ನಡದಲ್ಲಿ ವಾದಿಸಿದಾಗ ಮಾತ್ರ ಇದೇ ಗತಿ.

ಆಕೆಯ ಮೊಣಕಾಲಿಗೆ ಸರಿಹೊಂದುವ ಗಾಳಿ ಇದ್ದದ್ದು ಒಂದೇ ಕಡೆ. ಚಾದರದ ವ್ಯಾಪಾರ ಜೋರಾಗಿದ್ದ ಕಾಲದಲ್ಲಿ ಮುತ್ಯಾ, ಅಂದರೆ ಅಜ್ಜ, ಕೊಂಡ ಗುಂಡುಮೈಯ ಹಳೇ ಕಾರಿನಲ್ಲಿ. ಅದರ ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್ಟು ಮುಗಿಯುವಲ್ಲಿ, ಅಂಗೈಯಗಲದ ಒಂದು ಮುಚ್ಚಳವಿದೆ. ಒಳಗೆ ಡ್ಯಾಶ್‌ಬೋರ್ಡಿನ ಕೆಳಗಿನ ಹಿಡಿಕೆಯನ್ನು ತಳ್ಳಿದರೆ ಮುಚ್ಚಳ ಎದ್ದು ನಿಲ್ಲುತ್ತದೆ. ಎದುರುಗಾಳಿ ಒಳನುಗ್ಗಿ ಕಾಲ ಮೇಲೆ ಬೀಸುತ್ತದೆ. ಅಷ್ಟೇ. ಗ್ಯಾಸಿಲ್ಲ, ಫ್ಯಾನಿಲ್ಲ.

ಭಾನುವಾರ ಮೈಂದರ್ಗಿಯಲ್ಲಿ ಆಯಿಯ ಅಕ್ಕನ ಹೊಸ ಮನೆಯ ವಾಸ್ತುಶಾಂತಿ ಇತ್ತು. ಹಿಂದಿನ ಸಲ ಅಲ್ಲಿಯ ಮದುವೆಗೆಂದು ಹೊಸ ಗಾಡಿಯಲ್ಲಿ ಹೊರಟು, ಊರ ಹೊರಗೇ ಇಳಿದು, ಆಯಿ ಆಟೋ ಹಿಡಿದು ಮನೆಗೆ ಮರಳಿದ್ದಳು. ಅದನ್ನು ಅಕ್ಕ ಮರೆತಿರಲಿಲ್ಲ. "ಸೊಲ್ಲಾಪುರದಿಂದ ಟೆಂಪೋದಾಗ ಕುರಿ ಬರತಾವ, ನಿನಗ ಬರಾಕ ಆಗಂಗಿಲ್ಲ!" ಎಂದು ಫೋನಿನಲ್ಲಿ ಚುಚ್ಚಿದ್ದಳು. ಈ ಸಲ ಹೋಗದಿದ್ದರೆ ಆಯಿಗೆ ಉಳಿದ ಆಯುಷ್ಯವೆಲ್ಲ ಆ ಕುರಿಯೇ ಗತಿ.

ಹೊರಡುವ ಹಿಂದಿನ ದಿನ, ನೋಡೋಣವೆಂದು ಕಾಕಾ ಹಳೇ ಕಾರಿನ ಹಿಡಿಕೆ ತಳ್ಳಿದ. ಅಲುಗಲಿಲ್ಲ. ಮೈಮೇಲಿನ ಬಲವೆಲ್ಲ ಹಾಕಿ ತಳ್ಳಿದ. ಒಳಗೆ ಏನೋ ಲಟಕ್ಕೆಂದು, ಹಿಡಿಕೆ ಸಡಿಲಾದ ಹಲ್ಲಿನಂತೆ ತೂಗಾಡತೊಡಗಿತು.

"ಇದರ ಸಾಮಾನು ಈಗ ಎಲ್ಲೂ ಸಿಗಂಗಿಲ್ಲ," ಎಂದ ಕಾಕಾ. "ಹೊಸಾದರಾಗ ಹೋಗೂಣು ಯವ್ವಾ. ಒಂದು ಲಿಂಬಿಕಾಯಿ ಹಿಡಕೊಂಡು ಕೂಡು."

"ಲಿಂಬಿಕಾಯಿ ನೀ ಹಿಡಕೋ. ನಾ ಬರಂಗಿಲ್ಲ."

ನಾನು ಕಾರಿನೊಳಗೆ ಅಂಗಾತ ಮಲಗಿ, ಕಾಲನ್ನು ಬಾಗಿಲಾಚೆ ಬಿಟ್ಟು, ಮೊಬೈಲಿನ ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಅಡಿ ನೋಡಿದೆ. ಹಿಡಿಕೆಗೂ ಮುಚ್ಚಳಕ್ಕೂ ನಡುವಿನ ಪಟ್ಟಿ ತುಂಡಾಗಿತ್ತು. ಆದರೆ ಅದು ಪರಿಣಾಮ, ಕಾರಣವಲ್ಲ. ಮುಚ್ಚಳ ಮೊದಲೇ ಸಿಕ್ಕಿಬಿದ್ದಿತ್ತು. ಯಾಕೆ? ಹೊರಬಂದು ನೋಡಿದರೆ ಮುಚ್ಚಳದ ಸುತ್ತ ಹಳದಿ ಗೆರೆ.

ಮೈಲಾರ ನಮ್ಮ ಮನೆದೇವರು. ಪ್ರತಿ ಭಾನುವಾರ ಆಯಿ ದೇವರಿಗೆ ಭಂಡಾರ ಏರಿಸಿ, ಉಳಿದ ಅರಿಶಿನ ಪುಡಿಯಲ್ಲಿ ಒಂದು ಚಿಟಿಕೆಯನ್ನು ಕಾರಿನ ಹಣೆಗೆ ಹಚ್ಚುತ್ತಾಳೆ. ಆ ಮುಚ್ಚಳವೇ ಹಣೆ ಎಂದು ಯಾವಾಗಲೋ ತಾನೇ ತೀರ್ಮಾನಿಸಿದ್ದಳು.

"ಆಯಿ, ಅದು ಹಣಿ ಅಲ್ಲ, ಗಾಡೀದು ಮೂಗು. ನೀ ಇಷ್ಟು ವರ್ಷ ಅದರ ಮೂಗಿನಾಗ ಭಂಡಾರ ತುಂಬೀದಿ."

"ಭಂಡಾರ ಗಾಡಿ ಕಾಯತದ, ಕೆಡಸಂಗಿಲ್ಲ. ಕೆಡಸಿದಾಂವ ನಿಮ್ಮ ಕಾಕಾ. ಹೋರಿಗತೆ ತಳ್ಳಿದ."

"ನಾ ಸಾವಕಾಶ ತಳ್ಳೀನಿ ಯವ್ವಾ!"

ಪಂಥ ಕಟ್ಟಿದೆವು. ಮುಚ್ಚಳ ಹಿಡಿದದ್ದು ಭಂಡಾರವೇ ಎಂದು ಸಾಬೀತಾದರೆ ಆಯಿ ಇನ್ನು ಅಲ್ಲಿ ಹಚ್ಚಬಾರದು. ಸೋತರೆ, ಭಂಡಾರ ಮುಟ್ಟದ ನಾನು ಮೈಂದರ್ಗಿಯ ನೆಂಟರೆಲ್ಲರ ಮುಂದೆ ಹಣೆ ತುಂಬ ಬಳಿದುಕೊಂಡು ತಿರುಗಬೇಕು.

ಬಾನೆಟ್ಟು ಎತ್ತಿ, ತಿರುಪು ಬಿಚ್ಚಿ, ಮುಚ್ಚಳವನ್ನು ಚಾಕುವಿನಿಂದ ಮೀಟಿದೆ. ಮುಚ್ಚಳ ತಿರುಗುವ ಬಿಜಾಗರಿಯ ಸಂದಿಯಲ್ಲಿ ಅರಿಶಿನ, ಎಣ್ಣೆ, ಮಳೆನೀರು, ರಸ್ತೆಯ ಧೂಳು ಎಲ್ಲ ಸೇರಿ ಗಾರೆಯಂತೆ ಗಟ್ಟಿಯಾಗಿತ್ತು. ಒಂದು ಹೆಂಟೆ ಕಿತ್ತು ಆಯಿಯ ಕೈಗಿಟ್ಟೆ. "ಇದು ಪುರಾವಾ."

ಆಯಿ ಮೂಸಿ ನೋಡಿದಳು. ಬೆರಳಿನಿಂದ ಉಜ್ಜಿ, ಬಂದ ಪುಡಿಯನ್ನು ಹಣೆಗೆ ಹಚ್ಚಿಕೊಂಡು ಕಣ್ಣು ಮುಚ್ಚಿ ಕೈಮುಗಿದಳು. ಎದುರು ಪಕ್ಷದವರು ನನ್ನ ಪುರಾವೆಯನ್ನೇ ಹಣೆಗೆ ಹಚ್ಚಿಕೊಂಡದ್ದು ಅದೇ ಮೊದಲು. ಆದರೂ ಸೋಲು ಒಪ್ಪಿದಳು.

ಹೊಸ ಪಟ್ಟಿಗೆ ನಮ್ಮ ಪಾವರ್‌ಲೂಮ್ ಶೆಡ್ಡಿಗೆ ಹೋದೆ. ಮಗ್ಗದಲ್ಲಿ ನೂಲೆಳೆ ಹಾಯಿಸುವ ತೆಳು ಉಕ್ಕಿನ ಪಟ್ಟಿಗಳಿರುತ್ತವೆ, ಎರಡೂ ತುದಿಗೆ ತೂತು. ಮೂರನ್ನು ಒಂದರ ಮೇಲೊಂದಿಟ್ಟು ಬೋಲ್ಟು ಬಿಗಿದೆ. ತುಸು ಉದ್ದವಾಗಿ, ಮುಚ್ಚಳ ಎದ್ದದ್ದು ಕೂರಲೊಲ್ಲದು. ಬಿಚ್ಚಿ, ಪಟ್ಟಿಯನ್ನು ನಡುವೆ ಬಗ್ಗಿಸಿ ಗಿಡ್ಡ ಮಾಡಿ ಮತ್ತೆ ಹಾಕಿದೆ. ತಳ್ಳಿದರೆ ಎದ್ದಿತು, ಎಳೆದರೆ ಕೂತಿತು. ಕಾಕಾ ಸುಮ್ಮನೆ ಹತ್ತಾರು ಸಲ ತೆಗೆದು ಹಾಕಿದ, ತಾನೇ ಮಾಡಿದವನಂತೆ.

ಮುಚ್ಚಳದ ಕೆಳಗಿನ ಗಾಳಿಗೂಡಿನೊಳಗೆ ಕೈ ಹಾಕಿ ನೋಡಬೇಕಿತ್ತು. ನೋಡಲಿಲ್ಲ. ಚರ್ಚೆಯಲ್ಲಿ ಪಳಗಿದವರ ಚಟವಿದು: ಗೆಲ್ಲುವಷ್ಟು ಪುರಾವೆ ಸಿಕ್ಕ ಮೇಲೆ ಯಾರೂ ಮುಂದೆ ಅಗೆಯುವುದಿಲ್ಲ.

ಭಾನುವಾರ ಮುಂದಿನ ಉದ್ದ ಸೀಟಿನಲ್ಲಿ ಮೂವರೂ ಕೂತೆವು. ಕಾಕಾ ಸ್ಟಿಯರಿಂಗಿಗೆ, ಆಯಿ ಬಾಗಿಲಿಗೆ, ನಡುವೆ ಬಿಳಿ ಕುರ್ತಾ ತೊಟ್ಟ ವಿಜೇತೆ. ಊರು ದಾಟಿ ಅಕ್ಕಲಕೋಟ ರಸ್ತೆಯಲ್ಲಿ ಗಾಡಿ ವೇಗ ಹಿಡಿಯಿತು. ಆಯಿ ಸೆರಗಿನ ಕಡೆ ಕೈ ಒಯ್ದಳು. "ತಗಿಯವ್ವಾ ಲಗೂನ."

ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿ ಹಿಡಿಕೆ ತಳ್ಳಿದೆ. ಮುಚ್ಚಳ ಎದ್ದಿತು. ಮರುಗಳಿಗೆ ಗೂಡಿನಲ್ಲಿ ವರ್ಷಗಟ್ಟಲೆ ಕೂತಿದ್ದ ಭಂಡಾರವೆಲ್ಲ ಭುಸ್ಸೆಂದು ನನ್ನ ಮುಖಕ್ಕೆ ಬಂದಿತು. ಕಣ್ಣು, ಬಾಯಿ, ಜಡೆ, ಕುರ್ತಾ. ಕಾಕಾ ಗಾಡಿ ಬದಿಗೆ ನಿಲ್ಲಿಸಿದ.

ಆಯಿ ಎರಡೂ ಕೈ ಮೇಲೆತ್ತಿದಳು. "ನಾ ಹಚ್ಚಿಲ್ಲವ್ವಾ. ಕಾಕಾ ನೋಡ್ಯಾನ. ಪಂಥ ನೀ ಗೆದ್ದಿ, ನಾ ಇಲ್ಲ ಅನ್ನಂಗಿಲ್ಲ. ಅಂವಾ ತಾನ ಬಂದಾನ!" ಆಮೇಲೆ ತಡೆಯಲಾರದೆ, "ಏಳಕೋಟಿ!" ಎಂದು ಮೈಲಾರನ ಜಯಘೋಷ ಕೂಗಿದಳು. ದ್ರೋಹಿ ಕಾಕಾ ದನಿಗೂಡಿಸಿದ.

ಅಕ್ಕಲಕೋಟದ ಚಹಾದಂಗಡಿಯಲ್ಲಿ ಮುಖ ತೊಳೆದೆ. ನೀರು ಬಿದ್ದು ಕುರ್ತಾದ ಹಳದಿ ಇನ್ನಷ್ಟು ಗಟ್ಟಿಯಾಯಿತು. ಅಂಗಡಿಯವನು ಮೈಲಾರನ ಕ್ಷೇತ್ರ ಜೇಜುರಿಯಿಂದ ಬಂದಿರೇನೆಂದು ಮರಾಠಿಯಲ್ಲಿ ಭಕ್ತಿಯಿಂದ ಕೇಳಿದ. ನಾನು ಗಾಳಿಯ ಒತ್ತಡದ ಬಗ್ಗೆ ಹೇಳತೊಡಗಿದೆ. ಅವನು ಕೈಮುಗಿದ.

ಅಲ್ಲಿಂದ ಮೈಂದರ್ಗಿಯವರೆಗೆ ಆಯಿ ಮೊಣಕಾಲಿಗೆ ಗಾಳಿ ತಗೊಂಡು ಮಹಾರಾಣಿಯಂತೆ ಕೂತಿದ್ದಳು. ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ಇಳಿಯುತ್ತಲೇ ಹೇಳಿದಳು: "ಕುರಿ ಬಂತು ನೋಡು!" ಅಕ್ಕನ ಕಣ್ಣು ನನ್ನ ಮೇಲಿತ್ತು. "ಈ ಹುಡುಗಿ ದೇವರಿಲ್ಲ ಅಂತಿತ್ತಲ್ಲ? ಈಗ ನೋಡಿದ್ರ ಮೈ ತುಂಬ ಭಂಡಾರ!" ಆಯಿ ತಿದ್ದಲಿಲ್ಲ. ಎರಡೆರಡು ಸಲ ಹೋಳಿಗೆ ಹಾಕಿಸಿಕೊಂಡಳು.

ಮುಂದಿನ ಭಾನುವಾರ ಭಂಡಾರದ ಬಟ್ಟಲು ಹಿಡಿದು ಬಂದಳು. "ಮಾತಂದ್ರ ಮಾತು. ಮೂಗಿಗೆ ಹಚ್ಚಂಗಿಲ್ಲ. ಹಂಗಾರ ಹಣಿ ಎಲ್ಲಿ ಅದ, ನೀನ ಹೇಳು."

"ಗಾಡಿಗೆ ಹಣಿ ಇರಂಗಿಲ್ಲ."

"ಮೂಗು ಅದ ಅಂದಿ. ಮೂಗಿದ್ದದ್ದಕ್ಕ ಹಣಿ ಇರಂಗಿಲ್ಲೇನು?"

ಸಿಕ್ಕಿಬಿದ್ದೆ. ದೀಪಗಳನ್ನು ಕಣ್ಣೆಂದರೆ ಅವುಗಳ ಮೇಲಿನ ಬಾನೆಟ್ಟೇ ಹಣೆಯಾಗುತ್ತದೆ, ಬಾನೆಟ್ಟಿನ ತುದಿಗೆ ಮತ್ತದೇ ಮುಚ್ಚಳ. ಆದ್ದರಿಂದ ಎದುರಿನ ಗಾಜೇ ಕಣ್ಣು, ಅದರೊಳಗಿಂದಲೇ ನಾವು ನೋಡುವುದು. ಅದರ ಮೇಲಿನ ಟಪ್ಪಿನ, ಅಂದರೆ ಚಾವಣಿಯ, ಅಂಚೇ ಹಣೆ ಎಂದು ಸಾಧಿಸಿದೆ. ಆಯಿ ಒಂದೇ ಮಾತಿಗೆ ಒಪ್ಪಿದಳು. ಆಗಲೇ ನನಗೆ ಸಂಶಯ ಬರಬೇಕಿತ್ತು.

"ಅಲ್ಲೀತನಕ ನನ್ನ ಕೈ ಎಟಕಂಗಿಲ್ಲ," ಎಂದು ಬಟ್ಟಲನ್ನು ನನ್ನ ಕೈಗಿಟ್ಟಳು.

ಈಗ ಪ್ರತಿ ಭಾನುವಾರ ನಾನೇ ಹಚ್ಚುತ್ತೇನೆ, ಒಂದು ಕಣವೂ ಕೆಳಗಿನ ಮುಚ್ಚಳದ ಮೇಲೆ ಬೀಳದಂತೆ ಕೆಳಗೊಂದು ಬಟ್ಟೆ ಹಿಡಿದು. ಕೇಳಿದವರಿಗೆ ಮೇಂಟೆನನ್ಸ್ ಅನ್ನುತ್ತೇನೆ. ಹಿಂದೆ ನಿಂತ ಆಯಿ, "ಹೌದೌದು, ಮೇಂಟೆನನ್ಸ್," ಅನ್ನುತ್ತಾಳೆ.