ಊದಬಾರದ ದಿನಗಳು

ಹಲ್ಲು ಕೀಳಿಸಿಕೊಂಡು ತುಮಕೂರಿನಿಂದ ಗುಬ್ಬಿಗೆ ಬಂದ ಸಂಜೆ, ಬಾಯಾರಿದೆ ಎಂದು ಚೊಂಬೆತ್ತಿ ನೀರು ಸುರಿದುಕೊಂಡೆ. ಅತ್ತೆಯ ಮನೆಯಲ್ಲಿ ಚೊಂಬಿಗೆ ತುಟಿ ತಾಗಿಸುವಂತಿರಲಿಲ್ಲ, ಎತ್ತಿಯೇ ಕುಡಿಯಬೇಕು. ಒಂದು ಗುಟುಕು ಗಂಟಲಿಗಿಳಿಯಿತು. ಉಳಿದದ್ದು ಎಡ ಹೊಳ್ಳೆಯಿಂದ ಸೀರೆಯ ಮೇಲೆ ಸುರಿಯಿತು.

"ಏನೇ ಇದು, ಬಾಯಾಗೆ ಹುಯ್ಕಂಡಿದ್ದು ಮೂಗ್ನಾಗೆ ಬತ್ತದೆ?" ಎಂದರು ಅತ್ತೆ. ನನಗೆ ನಗು ಬಂತು. ನಕ್ಕ ಮೇಲೆ ಹೆದರಿಕೆಯಾಯಿತು.

ಅದು ಎಪ್ಪತ್ತರ ದಶಕದ ಕೊನೆ, ನನಗೆ ಮದುವೆಯಾದ ಹೊಸತು. ಕಿತ್ತದ್ದು ಮೇಲಿನ ದವಡೆಹಲ್ಲು. ಅದರ ಬೇರು ಕೆನ್ನೆಯೊಳಗೆ ಮೂಗಿಗೆ ಸೇರುವ ಪೊಳ್ಳಿನ, ಅಂದರೆ ಸೈನಸ್ಸಿನ, ತಳಕ್ಕೇ ಅಂಟಿಕೊಂಡಿತ್ತಂತೆ, ಹಲ್ಲು ಕಿತ್ತ ಜಾಗದಲ್ಲಿ ತೂತು ಉಳಿಯಿತು. ಯಾರ ತಪ್ಪೂ ಅಲ್ಲ, ಕೆಲವರ ಮೂಳೆಯೇ ಹಾಗೆ ಎಂದು ಡಾಕ್ಟರು ಆಮೇಲೆ ವಿವರಿಸಿದರು. ವಿವರಣೆ ಕೇಳಲು ಚೆನ್ನಾಗಿತ್ತು. ಅಷ್ಟರಲ್ಲಿ ಸೈನಸ್ಸು ಕೀವು ಹಿಡಿದು, ರಂಗೋಲಿಗೆ ಬಗ್ಗಿದರೆ ಕೆನ್ನೆಯೊಳಗೆ ಕಲ್ಲು ಉರುಳಿದಂತಾಗುತ್ತಿತ್ತು. ಒಂದು ಕೆಟ್ಟ ವಾಸನೆ ನನಗೊಬ್ಬಳಿಗೇ ಬರುತ್ತಿತ್ತು. ಹಳಸಿದೆ ಅಂದುಕೊಂಡು ಆಗಷ್ಟೇ ಇಳಿಸಿದ ಸಾರನ್ನು ಚೆಲ್ಲಲು ಹೋಗಿ ಚೆನ್ನಾಗಿ ಬೈಸಿಕೊಂಡೆ.

ಅದೆಲ್ಲ ಹೇಗೋ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ನನ್ನ ಮಾತು ಕೆಟ್ಟದ್ದು. ಕುಣಿಗಲ್ಲಿನ ನನ್ನ ತವರಿನಲ್ಲಿ ಎಲ್ಲರೂ ಬಾಯಿಬಡುಕರೇ, ನಾನು ಅವರಲ್ಲಿ ಮೊದಲನೆಯವಳು. ಈಗ ಬಾಯಿ ತೆರೆದರೆ ಅರ್ಧ ಗಾಳಿ ಮೂಗಿಗೆ ನುಗ್ಗಿ ಮಾತು ಗೊಣಗೊಣ ಎನ್ನುತ್ತಿತ್ತು. ಪಕ್ಕದ ತೋಟದವರು ನಕ್ಕ ದಿನ ಬಾಯಿಗೆ ಬೀಗ ಹಾಕಿಕೊಂಡೆ. ಇದು ಹೀಗೇ ಉಳಿದುಬಿಟ್ಟರೆ ಮಾತಿಲ್ಲದೆ ಬದುಕುವುದು ಹೇಗೆ ಎಂದು ನಿಜವಾಗಿ ಸಂಕಟಪಟ್ಟೆ.

ಡಾಕ್ಟರು ಮಾತ್ರೆ ಕೊಟ್ಟರು, ತೂತಿನ ಮೂಲಕ ಉಪ್ಪುನೀರು ಹಾಯಿಸಿ ತೊಳೆದರು. ಕೀವು ನಿಂತ ಮೇಲೆ ವಸಡನ್ನು ಎಳೆದು ಹೊಲಿದರು. "ಹೊಲಿಗೆ ಬಿಚ್ಚೋವರೆಗೂ ಮೂಗು ಸೀಟಬೇಡಿ. ಸೀನು ಬಂದ್ರೆ ಬಾಯಿ ತೆಗೆದು ಸೀನಿ. ಏನನ್ನೂ ಊದಬೇಡಿ" ಎಂದರು.

ಅವರಿಗದು ಸಣ್ಣ ಮಾತು. ನಮ್ಮ ಮನೆಗೆ ಗ್ಯಾಸ್ ಇನ್ನೂ ಬಂದಿರಲಿಲ್ಲ. ಒಲೆಗೆ ತೆಂಗಿನ ಮಟ್ಟೆ, ಅದೂ ಮಳೆಗೆ ನೆನೆದದ್ದು. ಬೆಳಗಿನಿಂದ ಊದುಗೊಳವೆ ಹಿಡಿದು ಕೂರುವುದು ಸೊಸೆಯ ಕೆಲಸ. ಡಾಕ್ಟರು ಹೇಳಿದ್ದನ್ನು ಅತ್ತೆಗೆ ಹೇಳಿದೆ.

"ಒಲೆ ಊದೋದುಕ್ಕೂ ಡಾಕ್ಟ್ರ ಅಪ್ಪಣೆ ಬೇಕಾ? ಒಂದ್ ಕಿತ ಊದಿದ್ರೆ ಪ್ರಾಣ ಹೋಯ್ತದಾ?"

ಮಾರನೆಯ ದಿನ ಮುದ್ದೆಗೆ ಎಸರಿಟ್ಟಿದ್ದೆ. ಒಲೆ ಬರೀ ಹೊಗೆಯಾಡಿತು. ಅತ್ತೆ ಬಾಗಿಲಲ್ಲೇ ನಿಂತಿದ್ದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಕೊಳವೆ ಎತ್ತಿ ಇದ್ದ ಉಸಿರೆಲ್ಲ ಸೇರಿಸಿ ಊದಿದೆ. ಬೆಂಕಿ ಹತ್ತಿತು. ಕೆನ್ನೆಯೊಳಗೆ ಏನೋ ಪಟ್ಟೆಂದು, ಮೂಗಿನಿಂದ ರಕ್ತ ಇಳಿಯಿತು.

ಮತ್ತೆ ಹೊಲಿಸಲು ಹೋದಾಗ ಅತ್ತೆಯೂ ಜೊತೆಗೆ ಬಂದರು. ಡಾಕ್ಟರು ಗದರಲಿಲ್ಲ. "ಈ ಹೊಲಿಗೆನೂ ಬಿಟ್ರೆ ಇಲ್ಲಿ ಆಗಲ್ಲ. ಬೆಂಗಳೂರಲ್ಲಿ ದೊಡ್ಡ ಆಪರೇಷನ್ನೇ ಆಗ್ಬೇಕು. ಮಾತು ಮೊದಲಿನ ಹಾಗೆ ಆಗುತ್ತೆ ಅಂತ ನಾನು ಭರವಸೆ ಕೊಡಲಾರೆ" ಎಂದರು.

ಮರುದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅತ್ತೆ ಒಲೆಯ ಮುಂದೆ ಕೂತಿದ್ದರು. ಅಭ್ಯಾಸ ತಪ್ಪಿಹೋಗಿತ್ತು. ಊದುವುದು, ಕೆಮ್ಮುವುದು, ಮಟ್ಟೆಗಳನ್ನು ಜನ್ಮ ಜಾಲಾಡುವುದು. ತಮ್ಮ ನಶ್ಯದ ಡಬ್ಬಿಯನ್ನು ಕೊಟ್ಟಿಗೆಗೆ ಸಾಗಿಸಿದ್ದರು. "ಇದ್ರ ಘಾಟ್ಗೆ ನೀನು ಸೀನ್ಬುಟ್ರೆ ನನ್ ತಲೆ ಮ್ಯಾಲೆ ಬತ್ತದೆ" ಎಂದು ನನ್ನ ಮುಖ ನೋಡದೆ ಹೇಳಿದರು. ಚಿಟಿಕೆ ಏರಿಸಬೇಕೆನ್ನಿಸಿದಾಗ ಎದ್ದು ಹೋಗಿ ಎಮ್ಮೆಯ ಪಕ್ಕ ನಿಂತು ಸೀನಿ ಬರುತ್ತಿದ್ದರು. ಗಂಜಿಯನ್ನು ಲೋಟಕ್ಕೆ ಹಾಕಿಕೊಟ್ಟು, "ಕಚ್ಚೇ ಕುಡಿ, ಎಂಜ್ಲಾದ್ರೆ ತೊಳೆದ್ರಾಯ್ತು ಬುಡು" ಎಂದರು. ಆ ಮನೆಯಲ್ಲಿ ಅಂಥ ಮಾತು ಕೇಳುತ್ತೇನೆ ಎಂದುಕೊಂಡಿರಲಿಲ್ಲ. ಅಳು ಬಂತು. ಅಳಲೂ ಹೆದರಿಕೆ, ಅತ್ತರೆ ಮೂಗು ಸೀಟಬೇಕಾಗುತ್ತದಲ್ಲ.

ಹೊಲಿಗೆ ಬಿಚ್ಚುವ ದಿನವೂ ಅತ್ತೆಯೇ ಬಂದರು. ಡಾಕ್ಟರು ಪುಟ್ಟ ಕನ್ನಡಿಯನ್ನು ಬಾಯೊಳಗೆ ಹಿಡಿದು, "ಮೂಗು ಒತ್ತಿ ಮೆಲ್ಲಗೆ ಉಸಿರು ತಳ್ಳಿ" ಎಂದರು. ತಳ್ಳಿದೆ. ಅವರು ನೋಡುತ್ತಲೇ ಇದ್ದರು.

"ಗಾಳಿಗುಳ್ಳೆ ಬರ್ತಿಲ್ಲ. ಮುಚ್ಕೊಂಡಿದೆ. ಇನ್ನೊಂದಿಷ್ಟು ದಿನ ಜೋಪಾನ" ಎಂದರು.

"ಮಾತಾಡ್ಬೌದಾ ಇವ್ಳು?" ಎಂದು ಅತ್ತೆ ಕೇಳಿದರು.

"ಧಾರಾಳವಾಗಿ."

ಬಸ್ ಸ್ಟ್ಯಾಂಡಿನಲ್ಲೇ ಶುರು ಮಾಡಿದೆ. ಸೀಟು ಸಿಕ್ಕಿದ ಮೇಲೆ ಕೇಳಬೇಕೇ. ನನ್ನ ದನಿ ನನ್ನದೇ ಆಗಿ ಕಿವಿಗೆ ಬೀಳುತ್ತಿತ್ತು, ಆ ಖುಷಿಗೆ ಏನು ಹೇಳುತ್ತಿದ್ದೇನೆ ಎಂಬ ಪರಿವೆಯೂ ಇರಲಿಲ್ಲ. ಚಿಕ್ಕಂದಿನಲ್ಲಿ ಕುಣಿಗಲ್ಲಿನ ನಮ್ಮ ರಾಗಿ ಹೊಲಕ್ಕೆ ಕುದುರೆಯೊಂದು ಹಗ್ಗ ಕಿತ್ತುಕೊಂಡು ನುಗ್ಗಿದ್ದು, ಅಪ್ಪ ಟವೆಲ್ ಬೀಸುತ್ತಾ ಅದರ ಹಿಂದೆ ಓಡಿದ್ದು, ಕುದುರೆ ತಿರುಗಿ ನಿಂತಿದ್ದು.

"ಸಾಕು ಸುಮ್ಕಿರೇ. ಹಸಿ ಗಾಯ, ಬಿಟ್ಕಂಡಾತು" ಎಂದು ಅತ್ತೆ ಗದರಿದರು.

ಸುಮ್ಮನಾದೆ. ಬಸ್ಸು ಹೆಗ್ಗೆರೆ ದಾಟಿತು. ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಸೆರಗು ಸರಿಮಾಡಿಕೊಂಡು ನನ್ನ ಕಡೆ ವಾಲಿದರು.

"ತಿರುಗ್ ನಿಂತ್ಕಂತಾ? ಆಮೇಲೆ ನಿಮ್ಮಪ್ಪ ಏನ್ಮಾಡುದ್ರು ಹೇಳು, ಮೆಲ್ಲುಕ್ ಹೇಳು."