ಹೊಡೆದುಹಾಕಿದ ಸಾಲು

ಯುದ್ಧದ ವರ್ಷಗಳಲ್ಲಿ ನಾನು ಮದ್ದೂರಿನ ನಾಲೆ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಆ ಊರಿನಲ್ಲಿ ನನ್ನವರು ಅನ್ನುವವರು ಯಾರೂ ಇರಲಿಲ್ಲ. ಸಂಜೆ ಬಾಡಿಗೆ ಕೋಣೆ ಸೇರಿದರೆ ಮರುದಿನ ಬೆಳಗಿನವರೆಗೆ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಯಾವ ತೂಬನ್ನು ಎಷ್ಟು ಎತ್ತಬೇಕೆಂದು ದಿನವೂ ಲೆಕ್ಕ ಹಾಕುವುದು ನನ್ನ ಕೆಲಸ. ಅದಕ್ಕೊಂದು ಹಾಳೆಯಿತ್ತು, ಹದಿನೇಳು ಸಾಲಿನದು. ಒಂದು ಸಾಲಿನ ಉತ್ತರವನ್ನು ಮುಂದಿನ ಯಾವುದೋ ಸಾಲಿಗೆ ಒಯ್ಯಬೇಕು. ಕಾಗದ ಸಿಗದ ಕಾಲ. "ಇದನ್ನ ಅರ್ಧ ಹಾಳೆಗೆ ಇಳಿಸಿ. ಆದರೆ ಕೊನೇ ಉತ್ತರ ಮಾತ್ರ ಬದಲಾಗಕೂಡದು" ಎಂದರು ಸಾಹೇಬರು.

ನಾನು ಕೊನೆಯಿಂದ ಹಿಂದಕ್ಕೆ ಹೊರಟೆ. ಈ ಉತ್ತರಕ್ಕೆ ಯಾವ ಸಾಲು ಬೇಕು, ಆ ಸಾಲಿಗೆ ಯಾವುದು ಬೇಕು ಎಂದು ಗುರುತು ಹಾಕುತ್ತ ಮೇಲೇರಿದೆ. ಒಂದೇ ಗುಣಾಕಾರ ಎರಡು ಕಡೆ ಇತ್ತು, ಒಂದನ್ನು ಹೊಡೆದುಹಾಕಿದೆ. ಗುರುತೇ ಬೀಳದ ಸಾಲುಗಳು ಐದು ಉಳಿದವು. ಅವುಗಳ ಉತ್ತರ ಮುಂದೆ ಎಲ್ಲಿಯೂ ಬಳಕೆಯಾಗುತ್ತಿರಲಿಲ್ಲ. ಅವನ್ನೂ ತೆಗೆದು, ಹಳೆಯ ದಿನಗಳ ಲೆಕ್ಕವನ್ನು ಹೊಸ ಹಾಳೆಯಲ್ಲಿ ಮಾಡಿ ನೋಡಿದೆ. ಉತ್ತರ ಅದೇ ಬಂತು.

ಆ ಐದರಲ್ಲೊಂದು ವೈದ್ಯನಾಥಪುರದ ಕಡೆ ನಾಲೆಯಲ್ಲಿ ನೆಟ್ಟಿದ್ದ ಅಳತೆಗಲ್ಲಿನ ನೀರಿನ ಮಟ್ಟ. ಆ ಅಳತೆ ಬೇಕಾಗಿದ್ದ ಕವಲುಗಾಲುವೆ ಮುಚ್ಚಿ ವರ್ಷಗಳಾಗಿದ್ದವು. ಆದರೂ ನಾನು ದಿನಾ ಬೆಳಿಗ್ಗೆ ಸೈಕಲ್ ತುಳಿದು, ಅಲ್ಲಿನ ಮುದಿ ನೀರುಗಂಟಿಯನ್ನು ಕೇಳಿ ಬರೆದುಕೊಂಡು ಬರುತ್ತಿದ್ದೆ. ಇನ್ನು ಹೋಗಬೇಕಾಗಿರಲಿಲ್ಲ.

ಮೂರು ವಾರದ ಮೇಲೆ ಅವನೇ ನಡೆದುಕೊಂಡು ಕಚೇರಿಗೆ ಬಂದ.

"ಎರಡಡಿ ನಾಕಂಗ್ಲ ಐತೆ ಸ್ವಾಮಿ" ಎಂದ, ಬಾಗಿಲಲ್ಲೇ ನಿಂತು.

"ಆ ಅಳತೆ ಈಗ ಬೇಕಾಗಿಲ್ಲ ತಾತ, ತೆಗೆದುಹಾಕಿದೀನಿ. ನಿನ್ನ ಕೆಲಸಕ್ಕೇನೂ ತೊಂದರೆಯಿಲ್ಲ."

"ಕೆಲ್ಸದ್ ಮಾತಲ್ಲ ಬುಡಿ. ನಮ್ಮವಳು ತೀರ್ಕಂಡ್ಮೇಲೆ ಆ ಗುಡ್ಲಲ್ಲಿ ನಾನೊಬ್ನೇಯ. ದಿನಾ ನೀವ್ ಬಂದು ಎಷ್ಟೈತೆ ಅಂತ ಕೇಳ್ತಿದ್ರಿ. ಈಗ ಯಾರೂ ಏನೂ ಕೇಳಾಕಿಲ್ಲ ಕಣ್ ಸ್ವಾಮಿ."

ಆ ಮೂರು ವಾರ ನನ್ನ ಬೆಳಗುಗಳೂ ಮೂಕವಾಗಿದ್ದವೆಂಬುದು ಆಗ ಹೊಳೆಯಿತು.

ಹಾಳೆಗೆ ಆ ಸಾಲನ್ನು ಮತ್ತೆ ಸೇರಿಸಲಿಲ್ಲ. ಲೆಕ್ಕಕ್ಕೆ ಅದು ನಿಜವಾಗಿಯೂ ಬೇಡವಾಗಿತ್ತು. ಆದರೆ ಆ ಭಾನುವಾರ ಸುಮ್ಮನೆ ಹೋದೆ. ಗುಡಿಸಲಿನ ಮಣ್ಣುಗೋಡೆಯ ಮೇಲೆ ಇದ್ದಿಲಿನ ಗೀಟುಗಳು. ನಾನು ಬಾರದ ಒಂದೊಂದು ದಿನದ ಮಟ್ಟವನ್ನೂ ಅವನು ಗೀಚಿಟ್ಟಿದ್ದ. ಒಂದೊಂದರ ಮೇಲೂ ಬೆರಳಿಟ್ಟು ಹೇಳಿದ. ನಾನು ಎಲ್ಲವನ್ನೂ ಬರೆದುಕೊಂಡೆ. ಆಮೇಲೆ ಅಂಬಲಿ ಕೊಟ್ಟ.

ಮಳವಳ್ಳಿಗೆ ವರ್ಗವಾಗುವವರೆಗೆ ಭಾನುವಾರ ತಪ್ಪಿಸಲಿಲ್ಲ. ಹೋಗುವ ಸುದ್ದಿ ತಿಳಿಸಿದಾಗ ಅವನು, "ಅಲ್ಲೂ ನಾಲೆ ಐತಾ?" ಎಂದಷ್ಟೇ ಕೇಳಿದ. ಇದೆ ಎಂದೆ. ಆಮೇಲೆ ಎಂದಿನಂತೆ, ಇವತ್ತು ನೀರು ಎಷ್ಟಿದೆ ಎಂದು ಕೇಳಿ, ಅವನು ಹೇಳಿದ್ದನ್ನು ಬರೆದುಕೊಂಡೆ.