ನೆನಪಕ್ಕ ಮತ್ತು ಓಡಾಡಿದ ಗಾಯ

ಚೆನ್ನಾಗಿ ಕಣ್ಣು ಕಾಣುವ ಮನುಷ್ಯ ಕನ್ನಡಕ ಕೊಡಿ ಎಂದು ಯಾಕೆ ಬರುತ್ತಾನೆ? ನಾನು ಕನ್ನಡಕದಂಗಡಿಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಕಾಣದಿದ್ದರೂ ಕಾಣುತ್ತದೆ ಎಂದು ಹಟ ಹಿಡಿಯುವವರನ್ನು ದಿನಾ ನೋಡುತ್ತೇನೆ. ಕಂಡರೂ ಕಾಣುವುದಿಲ್ಲ ಎಂದು ಗೋಗರೆದವರು ಒಬ್ಬರೇ. ಮೂರು ಸಲ ಪರೀಕ್ಷೆ ಮಾಡಿಸಿಕೊಂಡರು. ಕೊನೆಯ ಸಾಲಿನ ಇರುವೆಯಷ್ಟು ಸಣ್ಣ ಅಕ್ಷರವನ್ನೂ ಪಟಪಟನೆ ಓದಿದರು. "ಸರ್, ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ" ಎಂದೆ. "ಇಲ್ಲಮ್ಮ, ಏನೋ ತಪ್ಪಿದೆ. ಇನ್ನೊಂದ್ಸಲ ನೋಡಿ" ಎಂದರು. ಅವರು ಮೆಟ್ಟಿಲಿಳಿದು ಹೋದ ಮೇಲೆ ನನಗೆ ಹೊಳೆಯಿತು: ಅರೆ, ಇವರು ನಮ್ಮ ಚಿಕ್ಕಮ್ಮನ ಕುದುರೆ ಸರ್ ಅಲ್ಲವೇ!

ಕುದುರೆ ಸರ್ ಯಾರೆಂದು ಹೇಳಬೇಕಾದರೆ ಮೊದಲು ಚಿಕ್ಕಮ್ಮ ಯಾರೆಂದು ಹೇಳಬೇಕು. ಅವಳಿಗೆ ಸಿನಿಮಾದವರು ಇಟ್ಟ ಹೆಸರು ನೆನಪಕ್ಕ. ಶೂಟಿಂಗ್ ನಡೆಯುವಾಗ ಕ್ಯಾಮೆರಾ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು, ನಾಯಕನ ಅಂಗಿಯ ಎಷ್ಟನೇ ಗುಂಡಿ ಬಿಚ್ಚಿತ್ತು, ನಾಯಕಿ ಲೋಟ ಯಾವ ಕೈಯಲ್ಲಿ ಹಿಡಿದಿದ್ದಳು ಎಂದೆಲ್ಲ ಬರೆದಿಡುವುದು ಅವಳ ಕೆಲಸ. ನಾಯಕ ಬಾಗಿಲು ತಟ್ಟುವ ದೃಶ್ಯವನ್ನು ಇವತ್ತು ತೆಗೆದರೆ, ಒಳಗೆ ಕಾಲಿಡುವುದನ್ನು ಮೂರು ತಿಂಗಳು ಬಿಟ್ಟು ಇನ್ನೆಲ್ಲೋ ತೆಗೆಯುತ್ತಾರೆ. ಅಷ್ಟರಲ್ಲಿ ಮೀಸೆ ಒಂದು ನೂಲು ಗಿಡ್ಡವಾದರೂ ಥಿಯೇಟರಿನಲ್ಲಿ ಜನ ಗೊಳ್ಳೆಂದು ನಗುತ್ತಾರೆ. ಹಾಗಾಗದಂತೆ ಕಾಯುವವಳು ಇವಳು. ಮನೆಯಲ್ಲಿ ಇಂಥವಳ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ನೀವೇ ಯೋಚಿಸಿ. ಸ್ಕೂಲಿಗೆ ಚಕ್ಕರ್ ಹಾಕಲು ನಾನು ತಲೆನೋವು ಎಂದು ಮಲಗಿದರೆ, "ಹೋದ್ಸಲ ಬಲಗಡೆ ನೋವು ಅಂದಿದ್ದೆ, ಈಗ ಎಡಗಡೆ ಹಿಡ್ಕೊಂಡಿದ್ದೀಯ. ಏಳೇ ಕತ್ತೆ" ಎನ್ನುತ್ತಿದ್ದಳು.

ಈ ವಿದ್ಯೆ ಅವಳಿಗೆ ನನ್ನ ತಾತನಿಂದ, ಅಂದರೆ ಅವಳ ಅಪ್ಪನಿಂದ ಬಂದದ್ದು. ತಾತ ದರ್ಜಿ. ಗಿರಾಕಿಗಳ ಅಳತೆ ಬರೆಯಲು ಅವರು ಪುಸ್ತಕದಲ್ಲಿ ಒಂದೊಂದು ಗೊಂಬೆ ಗೀಚುತ್ತಿದ್ದರು: ಮೊಟ್ಟೆಯಂಥ ತಲೆ, ಕಡ್ಡಿ ಕೈಕಾಲು, ಕಣ್ಣು ಮೂಗು ಏನೂ ಇಲ್ಲ. ಎಡಭುಜ ಇಳಿದಿದ್ದರೆ ಅಲ್ಲೊಂದು ಗೆರೆ, ಬೊಜ್ಜು ಬಂದಿದ್ದರೆ ಇಲ್ಲೊಂದು ಸೊನ್ನೆ. ಎಂಟು ವರ್ಷದ ಚಿಕ್ಕಮ್ಮ ಕಾಜಾ ಹೊಲಿಯುತ್ತ ಕೂತಲ್ಲೇ ಆ ಗೊಂಬೆಗಳನ್ನು ಬಾಯಿಪಾಠ ಮಾಡಿಕೊಂಡಳಂತೆ. ಮುಂದೆ ಸಿನಿಮಾ ಕೆಲಸಕ್ಕೆ ಸೇರಿದಾಗ ತನ್ನ ಪುಸ್ತಕದ ತುಂಬ ಅದೇ ಗೊಂಬೆ ಬರೆದಳು. ಮೂವತ್ತು ವರ್ಷ ಆ ಪುಸ್ತಕ ಯಾರ ಕೈಗೂ ಹೋಗಲಿಲ್ಲ. ಹೋಗುವ ಅಗತ್ಯವೂ ಬರಲಿಲ್ಲ; ಕೇಳಿದರೆ ಅವಳೇ ಹೇಳುತ್ತಿದ್ದಳು.

ನನ್ನ ಕುತೂಹಲ ಬೇರೆ ಕಡೆಗೆ. ಸಿನಿಮಾ ಗೆದ್ದರೆ ಪೇಪರಿನವರು ಡೈರೆಕ್ಟರು ತಿಂದದ್ದು, ಉಟ್ಟದ್ದು ಎಲ್ಲ ಬರೆಯುತ್ತಾರೆ. ಸೋತವರು ಎಲ್ಲಿಗೆ ಹೋಗುತ್ತಾರೆ? ಭಾನುವಾರ ಚಿಕ್ಕಮ್ಮ ಬಟ್ಟೆ ಮಡಚುವಾಗ ನಾನು ಇದನ್ನೇ ಕೆದಕುತ್ತಿದ್ದೆ.

"ಆ ಸಮುದ್ರದ ಸಿನಿಮಾ ತೆಗೆದ್ರಲ್ಲ, ಅವ್ರು?"

"ಡ್ರೈವಿಂಗ್ ಸ್ಕೂಲ್ ಇಟ್ಟಿದ್ದಾರೆ. ಇವಾಗ್ಲೂ ಕಾರ್ ನಿಲ್ಸೋಕೆ 'ಕಟ್' ಅಂತಾರಂತೆ."

"ಊರಿಗೆ ಊರೇ ಸೆಟ್ ಹಾಕಿ ಸುಟ್ಟವ್ರು?"

"ಅವ್ರಿಗೆ ಮತ್ತೆ ಸಿನಿಮಾ ಸಿಕ್ತು. ಅದಕ್ಕಿಂತ ದೊಡ್ಡದು."

"ಅದು ಹೇಗೆ? ಆ ಊರು ಸುಟ್ಟ ಸಿನಿಮಾನೂ ಮಕಾಡೆ ಮಲಗಿತ್ತಲ್ಲ!"

ಚಿಕ್ಕಮ್ಮ ಟವೆಲ್ ಕೊಡವಿ ನನ್ನ ಮುಖ ನೋಡಿದಳು. "ಸೋತಿದ್ದಕ್ಕೆ ಯಾರ್ದೂ ಕೆಲಸ ಹೋಗಲ್ಲ ಕಣೇ. ಯಾಕೆ ಸೋತ್ರಿ ಅಂತ ಕೇಳ್ತಾರಲ್ಲ, ಆಗ ಏನ್ ಹೇಳ್ತಾರೆ ಅನ್ನೋದ್ರ ಮೇಲೆ ಹೋಗತ್ತೆ. ಇವ್ರು ಹವಾಮಾನ ಅಂದ್ರು, ಸಂಗೀತ ಅಂದ್ರು, ರಿಲೀಸ್ ದಿನ ಸರಿ ಇರ್ಲಿಲ್ಲ ಅಂದ್ರು. ಗೆದ್ರು."

"ಕುದುರೆ ಸರ್ ಏನಂದ್ರು?"

ಚಿಕ್ಕಮ್ಮ ಇನ್ನೊಂದು ಟವೆಲ್ ಎತ್ತಿಕೊಂಡಳು.

ಅವರು ಹೇಳಿದ್ದು ನನಗೆ ಗೊತ್ತಿತ್ತು, ಇಡೀ ಊರಿಗೇ ಗೊತ್ತಿತ್ತು. ಅವರು ತೆಗೆದದ್ದು ಎರಡು ರಾಜರ ಯುದ್ಧದ ಸಿನಿಮಾ. ಎಪ್ಪತ್ತು ಕುದುರೆ ತಂದು ಕಂಪ್ಯೂಟರಿನಲ್ಲಿ ಸಾವಿರ ಮಾಡಿದ್ದರು, ಅದಕ್ಕೇ ಆ ಹೆಸರು. ಕೊನೆಯ ಕಾಳಗ ಉರಿಯುವ ಕೋಟೆಯಲ್ಲಿ. ನಿಜವಾಗಿ ಕಟ್ಟಿದ ಮರದ ಕೋಟೆ, ನಿಜವಾಗಿ ಇಟ್ಟ ಬೆಂಕಿ. ಸರಿಯಾಗಿ ಅದೇ ಹೊತ್ತಿಗೆ ನನ್ನ ಅಪೆಂಡಿಕ್ಸ್ ಕೈಕೊಟ್ಟಿತು. ನನ್ನಮ್ಮ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು, ನನಗಿದ್ದವಳು ಚಿಕ್ಕಮ್ಮ ಒಬ್ಬಳೇ. ಕುದುರೆ ಸರ್ ಒಂದು ಕ್ಷಣವೂ ಯೋಚಿಸಲಿಲ್ಲವಂತೆ. "ಅಕ್ಕ, ಮೊದ್ಲು ಮಗು ಹತ್ರ ಹೋಗಿ. ಪುಸ್ತಕ ಕೊಟ್ಟು ಹೋಗಿ, ಎರಡು ದಿನ ನಾನೇ ನೋಡ್ಕೋತೀನಿ." ಆ ಮಗುವಿಗೆ ಆಗ ಇಪ್ಪತ್ತೊಂಬತ್ತು ವರ್ಷ.

ಆ ಎರಡು ದಿನದಲ್ಲಿ ನಾಯಕನ ಹಣೆಯ ಗಾಯ ಎಡಗಡೆಯಿಂದ ಬಲಗಡೆಗೆ ಹೋಯಿತು. ಮೇಕಪ್‌ನವನಿಗೆ ಸಂಶಯ ಬಂದಿತ್ತಂತೆ. ಆದರೆ ನೆನಪಕ್ಕನ ಪುಸ್ತಕ ನೋಡಿ ಸರ್ ಹೇಳುತ್ತಿದ್ದಾರೆ, ಮರುಮಾತು ಯಾಕೆ ಎಂದು ಬಾಯಿ ಮುಚ್ಚಿಕೊಂಡ. ಚಿಕ್ಕಮ್ಮ ಬರುವಷ್ಟರಲ್ಲಿ ಕೋಟೆ ಬೂದಿಯಾಗಿತ್ತು, ಮತ್ತೆ ತೆಗೆಯುವಂತಿರಲಿಲ್ಲ. ಅವಳು ಪುಸ್ತಕ ತೆರೆದು, "ಎಡಗಡೆ ಅಂತಾನೇ ಇದೆಯಲ್ಲ ಸರ್" ಎಂದಳು. ಅವರು ಪುಸ್ತಕ ನೋಡಿ, ಅವಳನ್ನು ನೋಡಿ, "ಹಾಗಾದ್ರೆ ನಾನೇ ತಪ್ಪು ನೋಡಿದೀನಿ" ಎಂದರು.

ರಾಜ ಸಾಯುವ ಹೊತ್ತಿಗೆ ಗಾಯ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಓಡಾಡಿತು. ಅಳಬೇಕಾದ ಜಾಗದಲ್ಲಿ ಜನ ಬಿದ್ದು ಬಿದ್ದು ನಕ್ಕರು. ಆ ನಗು ಫೋನಿಂದ ಫೋನಿಗೆ ಹರಿದು, ಎರಡನೇ ವಾರಕ್ಕೆ ಸಿನಿಮಾ ಎತ್ತಂಗಡಿ. ಯಾರ ತಪ್ಪು ಎಂದು ಎಲ್ಲರೂ ಕೇಳಿದಾಗ ಕುದುರೆ ಸರ್, "ಆ ಎರಡು ದಿನ ಪುಸ್ತಕ ನನ್ನ ಕೈಲಿತ್ತು. ತಪ್ಪು ನಂದು" ಎಂದರು. ಅಷ್ಟೇ. ನೆನಪಕ್ಕನ ಹೆಸರಿಗೆ ಒಂದು ಕಪ್ಪುಚುಕ್ಕೆಯೂ ಬೀಳಲಿಲ್ಲ. ಅವರಿಗೆ ನಾಲ್ಕು ವರ್ಷ ಒಂದು ಫೋನೂ ಬರಲಿಲ್ಲ.

ಆ ಫೋನ್ ಕೊನೆಗೂ ಬಂತು. ಬೆತ್ತ ಹಿಡಿದು ಓಡಾಡುವ ಒಬ್ಬ ಹಳೆಯ ನಿರ್ಮಾಪಕಿ, ಮಾತು ಕಡ್ಡಿ ಮುರಿದ ಹಾಗೆ. ಒಂದು ಮನೆ, ಇಬ್ಬರು ಅಕ್ಕತಂಗಿಯರು, ಅಷ್ಟೇ ಕಥೆ. "ಒಂದು ದೃಶ್ಯ ಒಂದೇ ದಿನದಲ್ಲಿ ತೆಗೆದು ತೋರ್ಸಿ. ಹಿಡಿಸಿದ್ರೆ ಸಿನಿಮಾ ನಿಮ್ದು. ಇಲ್ದಿದ್ರೆ ಮತ್ತೆ ನನ್ನ ಬಾಗಿಲಿಗೆ ಬರ್ಬೇಡಿ" ಎಂದಿದ್ದರಂತೆ. ಇದು ತಪ್ಪಿದರೆ ಐವತ್ತೆರಡರ ವಯಸ್ಸಿನಲ್ಲಿ ಅವರಿಗೆ ಇನ್ನೊಂದು ಬಾಗಿಲಿರಲಿಲ್ಲ. ಕುದುರೆ ಸರ್ ಮೊದಲು ಕರೆದದ್ದು ನಮ್ಮ ಚಿಕ್ಕಮ್ಮನನ್ನು.

ಆ ದೃಶ್ಯ ತೆಗೆಯುವುದಕ್ಕೆ ಮೂರು ದಿನ ಮುಂಚೆ ನಾನು ಯಾವುದೋ ಹಳೆಯ ಆಸ್ಪತ್ರೆ ಕಾಗದ ಹುಡುಕುತ್ತಿದ್ದೆ. ಸಿಕ್ಕಿದ ಕಾಗದದ ಬೆನ್ನ ಮೇಲೆ ಚಿಕ್ಕಮ್ಮ ಬರೆದ ಗೊಂಬೆ ಇತ್ತು, ನನ್ನದೇ ಗೊಂಬೆ. ಆಸ್ಪತ್ರೆಯಲ್ಲಿ ಬೇಜಾರಾಗಿ ಗೀಚಿದ್ದಿರಬೇಕು. ಹೊಟ್ಟೆಯ ಮೇಲೆ ಹೊಲಿಗೆಯ ಗುರುತೂ ಹಾಕಿದ್ದಳು. ನನಗೆ ನಗು ತಡೆಯಲಾಗಲಿಲ್ಲ.

"ಸಿಕ್ಕಿಬಿದ್ದೆ ನೋಡು ನೆನಪಕ್ಕಾ! ನನ್ನ ಹೊಲಿಗೆ ಇರೋದು ಬಲಗಡೆ. ನೀನು ಎಡಗಡೆ ಹಾಕಿದ್ದೀಯ."

"ಎಲ್ಲಿ ಎಡ? ಸರಿಯಾಗೇ ಇದೆಯಲ್ಲ. ಇದು ನಿನ್ನ ಬಲಗೈ ಕಡೆ."

"ಗೊಂಬೆ ನನ್ನ ಕಡೆ ಮುಖ ಮಾಡಿದೆ ತಾನೆ? ಹಾಗಾದ್ರೆ ಇದು ಅದರ ಎಡ."

"ಮುಖ ಎಲ್ಲಿದೆಯೇ ಅದಕ್ಕೆ? ಅದು ನಮಗೆ ಬೆನ್ನು ಹಾಕಿ ನಿಂತಿರೋದು. ಅಪ್ಪ ಗಿರಾಕಿ ಹಿಂದೆ ನಿಂತು ಭುಜದ ಅಳತೆ ತಗೊಂಡು ಹಾಗೇ ಬರೀತಿದ್ರು. ಅವನ ಎಡ ನಮ್ಮ ಎಡ, ಗೊಂದಲವೇ ಇಲ್ಲ. ಅಷ್ಟೂ ಗೊತ್ತಾಗಲ್ವಾ..."

ಮಾತು ಅಲ್ಲಿಗೇ ನಿಂತಿತು. ಎದ್ದು ಕಪಾಟಿನಿಂದ ಯುದ್ಧದ ಸಿನಿಮಾದ ಪುಸ್ತಕ ತೆಗೆದಳು. ಮೊಟ್ಟೆತಲೆ, ಹಣೆಯ ಎಡಬದಿಗೆ ಒಂದು ಗೀಟು. ಮುಂದಿನಿಂದ ನೋಡಿದರೆ ಬಲ. ಯಾರು ನೋಡಿದರೂ ಮುಂದಿನಿಂದಲೇ ನೋಡುತ್ತಾರೆ, ನಾನೂ ಹಾಗೇ ನೋಡಿದ್ದೆ.

"ಅವ್ರು ಸರಿಯಾಗೇ ನೋಡಿದ್ರು ಕಣೇ," ಎಂದಳು ಚಿಕ್ಕಮ್ಮ. "ನಾನು ಹೇಳಿ ಹೋಗ್ಲಿಲ್ಲ."

ಈಗ ನನ್ನ ಬುದ್ಧಿ ಕೇಳಿ. "ಯಾರಿಗೂ ಹೇಳ್ಬೇಡ" ಎಂದೆ ನಾನು. ನಾಲ್ಕು ವರ್ಷದ ಹಿಂದಿನ ಕಥೆ, ಈಗ ಹೇಗೂ ಅವರಿಗೆ ದಾರಿ ಸಿಕ್ಕಿದೆ, ಕೆದಕಿ ಏನು ಬರುತ್ತದೆ? ನೆನಪಕ್ಕನ ಪುಸ್ತಕವೇ ದಾರಿ ತಪ್ಪಿಸಿತು ಎಂದು ಗೊತ್ತಾದರೆ ನಾಳೆಯಿಂದ ಅವಳನ್ನು ಯಾರು ಕರೆಯುತ್ತಾರೆ? ಅವಳಿಗಿದ್ದ ಆಸ್ತಿ ಆ ಹೆಸರೊಂದೇ. ಹೆದರಿಕೆಗೆ ನಾನು ಕೂಗಾಡಿದೆ ಕೂಡ. ಆದರೆ ಶೂಟಿಂಗ್ ದಿನ ಬೆಳಿಗ್ಗೆ ಹಳೆಯ ಪುಸ್ತಕವೂ ಅವಳ ಚೀಲಕ್ಕೆ ಹೋಯಿತು. ಅದನ್ನು ನೋಡಿ ನಾನು ಅಂಗಡಿಗೆ ರಜಾ ಹಾಕಿ ಹಿಂದೆಯೇ ಹೊರಟೆ.

ಬಾಡಿಗೆಗೆ ಹಿಡಿದ ಮನೆ, ಅಡುಗೆಮನೆಯಲ್ಲಿ ದೃಶ್ಯ. ಅಕ್ಕನ ಪಾತ್ರದವಳು ಪಾತ್ರೆ ಒರೆಸುತ್ತಾಳೆ, ತಂಗಿ ಬಾಗಿಲಲ್ಲಿ ನಿಂತು ಜಗಳ ತೆಗೆಯುತ್ತಾಳೆ, ಅಷ್ಟೇ. ನಾನು ಹೊರಗಿನ ಕಿಟಕಿಗೆ ಮೂಗು ಒತ್ತಿ ನಿಂತೆ. ಸಾವಿರ ಕುದುರೆ ಓಡಿಸಿದ ಮನುಷ್ಯ ಒಂದು ಬಟ್ಟೆ ತುಂಡಿಗೆ ಹೆದರುವುದನ್ನು ಕಣ್ಣಾರೆ ಕಂಡೆ. "ಅಕ್ಕ, ಒರೆಸೋ ಬಟ್ಟೆ ಯಾವ ಭುಜದ ಮೇಲಿತ್ತು?" "ಬಲ, ಸರ್." "ಖಂಡಿತಾನಾ?" "ಖಂಡಿತ ಸರ್." ಕ್ಯಾಮೆರಾ ಓಡುವ ಮೊದಲು ಮತ್ತೆ, "ಬಲ ಅಂದ್ರಿ ಅಲ್ವಾ?" ಅಕ್ಕನ ಪಾತ್ರದವಳ ಕಣ್ಣಲ್ಲಿ ಬಂದ ನೀರು ಇವರ ಪ್ರಶ್ನೆ ಮುಗಿಯುವುದರೊಳಗೆ ಒಣಗುತ್ತಿತ್ತು. ಮಧ್ಯಾಹ್ನವಾಗುವಷ್ಟರಲ್ಲಿ ಎರಡೇ ಶಾಟ್ ಆಗಿದ್ದವು. ನಿರ್ಮಾಪಕಿ ಬೆತ್ತ ಊರಿಕೊಂಡು ಎದ್ದು, ಕೈಗಡಿಯಾರ ನೋಡಿ, ತಮ್ಮ ಚೀಲದ ಜಿಪ್ ಎಳೆದರು.

ಆಗ ಚಿಕ್ಕಮ್ಮ ಕುರ್ಚಿ ಬಿಟ್ಟು ಎದ್ದಳು. "ಸರ್, ಒಂದು ನಿಮಿಷ. ಅಮ್ಮಾ, ನೀವೂ ಇರಿ."

ಎಲ್ಲರ ಮುಂದೆ ಹಳೆಯ ಪುಸ್ತಕ ತೆರೆದು ಆ ಪುಟ ತೋರಿಸಿದಳು. "ಇದು ಬೆನ್ನ ಕಡೆಯಿಂದ ಬರೆದ ಗೊಂಬೆ ಸರ್. ದರ್ಜಿಗಳ ಅಭ್ಯಾಸ. ನಿಮಗೆ ಹೇಳದೆ ಆಸ್ಪತ್ರೆಗೆ ಓಡಿಹೋದೆ. ನೀವು ನೋಡಿದ್ದು ಸರಿಯಾಗೇ ಇತ್ತು. ತಪ್ಪು ನಂದು. ನನಗೇ ಗೊತ್ತಾಗಿ ಮೂರು ದಿನ ಆಯ್ತು."

ಕುದುರೆ ಸರ್ ಪುಸ್ತಕ ಕೈಗೆ ತೆಗೆದುಕೊಂಡರು. ಆಮೇಲೆ ಅಕ್ಕನ ಪಾತ್ರದವಳ ಬೆನ್ನ ಹಿಂದೆ ಹೋಗಿ, ಗೊಂಬೆಯನ್ನೂ ಅವಳ ತಲೆಯನ್ನೂ ನೋಡಿದರು. ಮುಂದೆ ಬಂದು ಮತ್ತೊಮ್ಮೆ ನೋಡಿದರು. ಅವರ ಮುಖ ಕೆಂಪೇರಿತು.

"ನಾಲ್ಕು ವರ್ಷ, ಅಕ್ಕ! ನನ್ನ ಕಣ್ಣೇ ಸರಿ ಇಲ್ಲ ಅನ್ಕೊಂಡಿದ್ದೆ. ಕನ್ನಡಕದಂಗಡಿಗೆ ಹೋಗಿ ಕಾಡಿದೀನಿ. ಮನೇಲಿ ಗ್ಯಾಸ್ ಆಫ್ ಮಾಡಿದ್ರೂ ಮೂರ್ಸಲ ಎದ್ದು ನೋಡ್ತೀನಿ. ನಾಲ್ಕು ವರ್ಷ!"

ಚಿಕ್ಕಮ್ಮ ತಲೆ ತಗ್ಗಿಸಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ನೀವು ಹೊರಗೆ ಕೂತ್ಕೊಳ್ಳಿ," ಎಂದರು ಅವರು. ದನಿ ಏರಿಸಲಿಲ್ಲ, ಆದರೆ ಅವಳ ಮುಖ ನೋಡಲಿಲ್ಲ. ನನಗೆ ಕಿಟಕಿ ಹಾರಿ ಅವರ ಮೇಲೆ ಬೀಳುವಷ್ಟು ಸಿಟ್ಟು ಬಂತು. ಚಿಕ್ಕಮ್ಮ ಮಡಚುವ ಕುರ್ಚಿ ಎತ್ತಿಕೊಂಡು ಬಂದು ಅಂಗಳದಲ್ಲಿ ನನ್ನ ಪಕ್ಕ ಕೂತಳು. ಒಳಗಿನಿಂದ ಅವರ ದನಿ ಕೇಳುತ್ತಿತ್ತು: "ಆಕ್ಷನ್. ಕಟ್. ಮುಂದಿಂದು." ಬಿಸಿಲು ಇಳಿಯುವವರೆಗೆ ಚಿಕ್ಕಮ್ಮ ಬೆರಳು ಮಡಿಚಿ ಎಣಿಸಿದಳು. ಹದಿನಾಲ್ಕು ಶಾಟ್. ಬಟ್ಟೆ ಯಾವ ಭುಜದ ಮೇಲಿತ್ತೆಂದು ಅವರು ಒಂದು ಸಲವೂ ಕೇಳಲಿಲ್ಲ.

ಸಿನಿಮಾ ಅವರಿಗೆ ಸಿಕ್ಕಿತು. ಚಿಕ್ಕಮ್ಮನಿಗೆ ಕರೆ ಬರಲಿಲ್ಲ. ಅವರಿಂದಲೂ ಇಲ್ಲ, ಬೇರೆಯವರಿಂದಲೂ ಕಡಿಮೆಯಾಯಿತು. ಹೀಗಾಗುತ್ತದೆಂದು ನಾನು ಹೇಳಿರಲಿಲ್ಲವೇ? ಅವಳು ತಾತನ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟು, ಬೀದಿಯವರ ಬಟ್ಟೆ ಹೊಲಿಯತೊಡಗಿದಳು. ಅಳತೆ ಬರೆಯುವ ಹೊಸ ಪುಸ್ತಕದ ಮೊದಲನೆಯ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆದಳು: ಈ ಗೊಂಬೆ ಬೆನ್ನು ಹಾಕಿ ನಿಂತಿದೆ.

ಹೋದ ಶುಕ್ರವಾರ ಆ ಸಿನಿಮಾ ಬಿಡುಗಡೆಯಾಯಿತು. ಮಧ್ಯಾಹ್ನದ ಆಟಕ್ಕೆ ಹೋದೆವು. ಅರ್ಧ ಸೀಟು ಖಾಲಿ. ಓಡುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ. ಜಗಳದ ಕೊನೆಗೆ ಅಕ್ಕ ತಂಗಿಯ ಎಂಜಲು ತಟ್ಟೆಯನ್ನೂ ತಾನೇ ತೊಳೆಯುವಾಗ ನಾನಂತೂ ಬಿಕ್ಕಿ ಬಿಕ್ಕಿ ಅತ್ತೆ. ಚಿಕ್ಕಮ್ಮ ಅಳಲಿಲ್ಲ. ಪೆನ್ಸಿಲ್ ಹಿಡಿದು ಕತ್ತಲಲ್ಲಿ ಕಣ್ಣು ಕಿರಿದು ಮಾಡಿ ಕೂತಿದ್ದಳು.

ಹೊರಗೆ ಬಾಗಿಲ ಬಳಿ ಕುದುರೆ ಸರ್ ನಿಂತಿದ್ದರು, ಹೋಗುವವರ ಮುಖ ನೋಡುತ್ತ. ನಮ್ಮನ್ನು ಕಂಡು ಒಂದು ಕ್ಷಣ ಮುಖ ಬಿಗಿದುಕೊಂಡರು. ಆಮೇಲೆ ಅವರೇ ಕೇಳಿದರು. "ಏನಾದ್ರೂ ತಪ್ಪು ಸಿಕ್ತಾ, ಅಕ್ಕ?"

ನಾನು ಅವಳ ಕೈ ಚಿವುಟಿದೆ, ಇಲ್ಲ ಎನ್ನು ಎಂದು.

"ಒಂದು ಸಿಕ್ತು ಸರ್. ತಟ್ಟೆ ತೊಳೆಯೋ ಕಡೆ. ಮೊದ್ಲು ಅವಳ ಎಡಗೈಲಿ ಎರಡು ಬಳೆ ಇತ್ತು, ಆಮೇಲೆ ಒಂದೇ."

"ಗೊತ್ತು," ಎಂದರು ಅವರು. ನಿಧಾನವಾಗಿ ನಗು ಬಂತು. "ನೋಡ್ದೆ. ಅವಳು ಅಷ್ಟು ಚೆನ್ನಾಗಿ ಅಳ್ತಿದ್ಲು, ಬಿಟ್ಟೆ."

ಬಸ್ಸಿನಲ್ಲಿ ಚಿಕ್ಕಮ್ಮ ಕಿಟಕಿ ಪಕ್ಕ ಕೂತಳು. ನಮ್ಮ ಸ್ಟಾಪ್ ಹತ್ತಿರ ಬಂದಾಗ ನನ್ನ ತೋಳು ಹಿಡಿದುಕೊಂಡಳು. "ನೋಡ್ದೆ, ಬಿಟ್ಟೆ ಅಂದ್ರು ಕಣೇ. ಕೇಳಿಸ್ಕೊಂಡ್ಯಾ? ಗ್ಯಾಸ್ ಆಫ್ ಮಾಡಿದ್ರೂ ಮೂರ್ಸಲ ಎದ್ದು ನೋಡ್ತಿದ್ದೋರು! ನೋಡ್ದೆ, ಬಿಟ್ಟೆ ಅಂದ್ರು." ಆಮೇಲೆ ಆ ಬಸ್ಸಿನ ಮಧ್ಯದಲ್ಲೇ, ಯಾರು ನೋಡುತ್ತಾರೆಂದೂ ಲೆಕ್ಕಿಸದೆ, ಗಟ್ಟಿಯಾಗಿ ಅಳತೊಡಗಿದಳು.